ಜ್ವರದ ಕಾರಣವನ್ನು ಅರಸುವದು

ಜ್ವರವನ್ನು ಕಾಣದ ಮನೆಯು ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಮಗುವಿನ ಮೈ ಬಿಸಿಯಾದರೆ ಅಜ್ಜಿಯು ಕಷಾಯವನ್ನು ಕಾಯಿಸುವಳು, ತಾಯಿಯು ಹಣೆಗೆ ಒದ್ದೆಯ ಬಟ್ಟೆಯನ್ನು ಹಾಕುವಳು, ತಂದೆಯು ನಾಳೆಯವರೆಗೆ ನೋಡೋಣವೆಂದು ಹೇಳುವನು; ಬಹಳ ಸಲ ಆ ನಾಳೆಯು ಬರುವಷ್ಟರಲ್ಲಿ ಜ್ವರವೂ ಇಳಿದಿರುವದು. ಆದರೆ 'ನಾಳೆಯವರೆಗೆ ನೋಡೋಣ' ಎಂಬ ಮಾತನ್ನು ಯಾರ ವಿಷಯದಲ್ಲಿ ಎಂದಿಗೂ ಆಡಕೂಡದೋ ಅಂಥ ಮಕ್ಕಳ ಒಂದು ಗುಂಪು ಉಂಟು. ಅರ್ಬುದ ರೋಗಕ್ಕೆ, ಅಂದರೆ ಜನರು ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಗೆ, ಔಷಧ ಪಡೆಯುತ್ತಿರುವ ಮಕ್ಕಳೇ ಅವರು. ಈ ಶಾಲೆಯನ್ನು ಬಿಟ್ಟ ತರುವಾಯ ನಾವು ದಾದಿಯ ಕೆಲಸವನ್ನು ಕಲಿತು, ಅನೇಕ ವರ್ಷ ಇಂಥ ಮಕ್ಕಳ ವಾರ್ಡಿನಲ್ಲಿ ಸೇವೆ ಮಾಡಿದೆವು. ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರಿಂದ ಲೇಖನಗಳು ಬೇಕೆಂದು ಕೇಳಿದಾಗ, ನಮ್ಮ ಅನುಭವದಲ್ಲಿ ತಂಗಿಯರ ಉಪಯೋಗಕ್ಕೆ ಬರತಕ್ಕದ್ದು ಇದಕ್ಕಿಂತ ಬೇರೊಂದು ನಮಗೆ ತೋರಲಿಲ್ಲ.

ಮಕ್ಕಳಲ್ಲಿ ಕಾಣುವ ಅರ್ಬುದಗಳಲ್ಲಿ ಹೆಚ್ಚಾಗಿರುವದು ಲ್ಯುಕೀಮಿಯ ಎಂಬ ರಕ್ತದ ಅರ್ಬುದವು. ಎಂಬತ್ತು ವರ್ಷಗಳ ಹಿಂದೆ ಇದಕ್ಕೆ ಔಷಧವೇ ಇರಲಿಲ್ಲ. ಮಗುವು ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ತೀರಿಕೊಳ್ಳುತ್ತಿತ್ತು. ಈ ಕತ್ತಲೆಯಲ್ಲಿ ಮೊದಲನೆಯ ಬೆಳಕು ಬಂದ ದಾರಿಯು ನಮ್ಮ ದೇಶದ ಮೂಲಕವೂ ಹಾದು ಬಂದಿತೆಂಬದನ್ನು ಹುಡುಗಿಯರು ತಿಳಿದಿರಬೇಕು. ಲ್ಯೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಮುಂಬಯಿಗೆ ಬಂದು, ಗಿರಣಿಗಳಲ್ಲಿ ದುಡಿಯುವ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸಿ, ಈಸ್ಟಿನ ಸತ್ವದಿಂದ ಅದು ಗುಣವಾಗುವದೆಂದು 1931ರಲ್ಲಿ ಪ್ರಕಟಿಸಿದಳು. ಆ ಸತ್ವದೊಳಗೆ ಅಡಗಿದ್ದ ವಸ್ತುವಿಗೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ರಕ್ತವು ಬೆಳೆಯುವದಕ್ಕೆ ಇದು ಬೇಕಾದರೆ, ಇದನ್ನು ತಡೆದಲ್ಲಿ ಕೆಟ್ಟ ರಕ್ತದ ಬೆಳವಣಿಗೆಯೂ ನಿಲ್ಲಬಹುದಲ್ಲವೇ ಎಂಬ ಯೋಚನೆಯಿಂದ ಬೋಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯನು ಅಮಿನೊಪ್ಟೆರಿನ್ ಎಂಬ ಔಷಧವನ್ನು ಮಕ್ಕಳಿಗೆ ಕೊಟ್ಟು ನೋಡಿದನು. ಆ ಔಷಧವನ್ನು ತಯಾರಿಸಿಕೊಟ್ಟ ಕಾರ್ಖಾನೆಯ ಸಂಶೋಧಕರ ಮುಖ್ಯಸ್ಥನು ಆಂಧ್ರದೇಶದ ಭೀಮವರದಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಫಾರ್ಬರನು ಪ್ರಕಟಿಸಿದ ಪ್ರಕಾರ 16 ಮಕ್ಕಳಲ್ಲಿ 10 ಮಕ್ಕಳು ಕೆಲವು ಕಾಲ ಚೇತರಿಸಿಕೊಂಡರು. ಇಂದು ಆ ಔಷಧದ ತಂಗಿಯಾದ ಮೆಥೊಟ್ರೆಕ್ಸೇಟನ್ನೂ ಬೇರೆ ಔಷಧಗಳನ್ನೂ ಕೂಡಿಸಿ ಕೊಡುವದರಿಂದ, ಅನುಕೂಲವುಳ್ಳ ದೇಶಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೀಮಿಯವುಳ್ಳ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಉಳಿಯುತ್ತಾರೆ.

ಆದರೆ ಈ ಔಷಧಗಳಿಗೆ ಕಳೆಯನ್ನೂ ಪೈರನ್ನೂ ಪೂರ್ತಿಯಾಗಿ ಬೇರೆ ಮಾಡಿ ನೋಡುವ ಕಣ್ಣಿಲ್ಲ. ಬೇಗ ಬೇಗ ಬೆಳೆಯುವ ಕಣಗಳನ್ನೆಲ್ಲ ಅವು ಹೊಡೆಯುತ್ತವೆ. ಆದಕಾರಣ ತಲೆಯ ಕೂದಲು ಉದುರುತ್ತದೆ. ಬಾಯಿ ಮತ್ತು ಕರುಳುಗಳ ಒಳಚರ್ಮವು ಹರಿದು ಹುಣ್ಣಾಗುತ್ತದೆ. ಎಲುಬಿನ ಮಜ್ಜೆಯಲ್ಲಿ ರಕ್ತವು ತಯಾರಾಗುವದು ನಿಲ್ಲುತ್ತದೆ. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ನ್ಯೂಟ್ರೊಫಿಲ್ ಎಂಬವು ಕಾವಲುಗಾರರು. ಸೂಕ್ಷ್ಮಜೀವಿಗಳು ಒಳಗೆ ನುಗ್ಗಿದ ಸ್ಥಳಕ್ಕೆ ಓಡಿಹೋಗಿ ಅವುಗಳನ್ನು ನುಂಗುವದು ಇವುಗಳ ಕೆಲಸ. ರಕ್ತದಲ್ಲಿ ಇವುಗಳ ಆಯುಸ್ಸು ಬಹು ಸ್ವಲ್ಪವಾದ್ದರಿಂದ ಮಜ್ಜೆಯು ದಿನದಿನವೂ ಹೊಸಬರನ್ನು ಕಳುಹಿಸುತ್ತಲೇ ಇರಬೇಕು. ಔಷಧ ಕೊಟ್ಟ ಏಳರಿಂದ ಹದಿನಾಲ್ಕು ದಿವಸಗಳೊಳಗೆ ಇವುಗಳ ಸಂಖ್ಯೆಯು ಸಾಧಾರಣವಾಗಿ ಅತ್ಯಂತ ಕೆಳಕ್ಕೆ ಇಳಿಯುವದು. ಆರೋಗ್ಯವುಳ್ಳ ಮಗುವಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1500ಕ್ಕೆ ಮೇಲ್ಪಟ್ಟು ಇರುತ್ತವೆ. 1000ಕ್ಕಿಂತ ಇಳಿದರೆ ಅಪಾಯವು ಆರಂಭವಾಗಿ, 500ರ ಕೆಳಗೆ ಹೆಚ್ಚಿ, 100ರ ಕೆಳಗೆ ಅತಿ ಹೆಚ್ಚಾಗುವದೆಂದು ಜೆರಾಲ್ಡ್ ಬೋಡಿ ಮುಂತಾದ ಅಮೇರಿಕದ ವೈದ್ಯರು 1966ರಲ್ಲಿ ಲೆಕ್ಕವಿಟ್ಟು ತೋರಿಸಿದರು.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಗಾಯವು ಕೆಂಪಾಗಿ ಬಾತು ಕೀವು ತುಂಬುವದನ್ನು ನಾವು ರೋಗವೆಂದು ತಿಳಿಯುತ್ತೇವಷ್ಟೆ. ಆದರೆ ಕೀವು ಎಂಬದು ಬಹಳ ಮಟ್ಟಿಗೆ ಹೋರಾಡಿ ಸತ್ತ ಬಿಳಿಯ ಕಣಗಳ ರಾಶಿಯೇ. ಕಾವಲುಗಾರರೇ ಇಲ್ಲದಿದ್ದಾಗ ಹೋರಾಟವೂ ಇಲ್ಲ, ಕೀವೂ ಇಲ್ಲ. ಎದೆಯಲ್ಲಿ ನ್ಯುಮೋನಿಯ ಇದ್ದರೂ ಕೆಮ್ಮು ಅಷ್ಟಾಗಿ ಇರದು; ಚರ್ಮದ ಕೆಳಗೆ ವಿಷವು ಹರಡುತ್ತಿದ್ದರೂ ಮೇಲೆ ತುಸು ಕೆಂಪು ಮಾತ್ರ ಕಂಡೀತು. ಕಳ್ಳನು ಹೊಕ್ಕ ಮನೆಯಲ್ಲಿ ನಾಯಿಯು ಬೊಗಳದಿದ್ದರೆ ಹೇಗೋ ಹಾಗೆಯೇ ಇದು. ಅಂಥ ಮಗುವಿನಲ್ಲಿ ಅನೇಕ ಸಲ ಜ್ವರವೊಂದೇ ಬಾಗಿಲು ಬಡಿಯುವ ದೂತನು. ಈ ದೂತನ ಬಾಯಿಯನ್ನು ಮುಚ್ಚುವ ವಸ್ತುಗಳು ಸಹ ಉಂಟು. ಪ್ಯಾರಸಿಟಮಾಲ್ ಕೊಟ್ಟರೆ ಮೈಯ ಬಿಸಿಯು ಇಳಿಯುವದು, ಒಳಗಿನ ರೋಗವು ಇಳಿಯದು. ಚಿಕಿತ್ಸೆಯ ಭಾಗವಾಗಿ ಕೊಡುವ ಸ್ಟೀರಾಯ್ಡ್ ಔಷಧಗಳೂ ಜ್ವರವನ್ನು ಮರೆಸಬಲ್ಲವು. ಆಗ ಮಗುವು ಮಂಕಾಗಿ ಮಲಗಿರುವದೂ, ಕೈಕಾಲು ತಣ್ಣಗಾಗುವದೂ ಜ್ವರದಷ್ಟೇ ಭಯಂಕರವಾದ ಗುರುತುಗಳು.

ನಾಲ್ಕು ವರ್ಷದ ಒಬ್ಬ ಹುಡುಗನು ನಮ್ಮ ನೆನಪಿನಿಂದ ಹೋಗಿಲ್ಲ. ಬೇರೊಂದು ಕಡೆಯಲ್ಲಿ ಔಷಧ ಪಡೆದು ಊರಿಗೆ ಹೋಗಿದ್ದ ಅವನಿಗೆ ಶನಿವಾರ ರಾತ್ರಿ ಜ್ವರ ಬಂದಿತ್ತು. ಮನೆಯಲ್ಲಿದ್ದ ಸಿಹಿ ಔಷಧವನ್ನು ತಾಯಿಯು ಕುಡಿಸಿದಳು. ಜ್ವರವು ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ಆದಿತ್ಯವಾರ ಮತ್ತೆ ಬಂದಿತು, ಮತ್ತೆ ಕುಡಿಸಿದರು, ಮತ್ತೆ ಇಳಿಯಿತು. ಸೋಮವಾರ ಮುಂಜಾನೆ ಎರಡು ಬಸ್ಸುಗಳನ್ನು ಬದಲಾಯಿಸಿ ಅವರು ನಮ್ಮ ಬಾಗಿಲಿಗೆ ಬಂದಾಗ ಹುಡುಗನ ಮೈ ಸುಡುತ್ತಿರಲಿಲ್ಲ. ಅವನ ಪಾದಗಳು ನೀರಿನಲ್ಲಿಟ್ಟ ಕಲ್ಲಿನಂತೆ ತಣ್ಣಗಿದ್ದವು. ಮಾಡಬೇಕಾದುದನ್ನೆಲ್ಲ ಮಾಡಲಾಯಿತು. ಸಾಯಂಕಾಲದ ದೀಪ ಹಚ್ಚುವ ಹೊತ್ತಿಗೆ ಅವನು ತೀರಿಕೊಂಡನು. ಮರುದಿನ ಪ್ರಯೋಗಶಾಲೆಯಿಂದ ಸುದ್ದಿ ಬಂದಿತು: ಅವನ ರಕ್ತದಲ್ಲಿ ಸ್ಯೂಡೊಮೋನಾಸ್ ಎಂಬ ಸೂಕ್ಷ್ಮಜೀವಿಯು ಬೆಳೆದಿತ್ತು. ಜ್ವರದ ಕಾರಣವು ತಿಳಿಯಿತು, ಮಗುವು ಇರಲಿಲ್ಲ. ಆ ತಾಯಿಯಲ್ಲಿ ಪ್ರೀತಿಯ ಕೊರತೆಯಿರಲಿಲ್ಲ, ಬುದ್ಧಿಯ ಕೊರತೆಯೂ ಇರಲಿಲ್ಲ. ಈ ಜ್ವರವು ಬೇರೆ ಮಕ್ಕಳ ಜ್ವರದಂಥದಲ್ಲವೆಂಬ ಒಂದು ಮಾತನ್ನು ಆಕೆಗೆ ಯಾರೂ ತಿಳಿಯುವಂತೆ ಹೇಳಿರಲಿಲ್ಲ. ಈ ಲೇಖನವನ್ನು ನಾವು ಬರೆಯುವದು ಆ ಒಂದು ಮಾತಿಗಾಗಿಯೇ.

ಶಾಲೆಯಲ್ಲಿ ನಮಗೆ ಮೊದಲು ತಿಳಿ, ತರುವಾಯ ಮಾಡು ಎಂದು ಕಲಿಸಿದರು. ಅದು ಒಳ್ಳೆಯ ಪಾಠವೇ. ಆದರೆ ಈ ವಾರ್ಡಿನಲ್ಲಿ ಆ ಪಾಠವನ್ನು ತಿರುವಿ ಹಾಕಬೇಕಾಗುವದು. ರಕ್ತದಲ್ಲಿ ಯಾವ ಜೀವಿಯಿದೆಯೆಂದು ತಿಳಿಯುವದಕ್ಕೆ ಒಂದು ದಿನವೋ ಎರಡು ದಿನವೋ ಹಿಡಿಯುತ್ತದೆ. ಪೂರ್ವದಲ್ಲಿ ವೈದ್ಯರು ಆ ಫಲವನ್ನು ಕಾಯುತ್ತಿದ್ದರು. ಅನೇಕ ರೋಗಿಗಳು ಫಲವು ಬರುವ ಮುಂಚೆಯೇ ಸಾಯುತ್ತಿದ್ದರು. 1971ರಲ್ಲಿ ಸ್ಟೀಫನ್ ಶಿಂಫ್ ಮೊದಲಾದ ವೈದ್ಯರು, ಕಾರಣವು ತಿಳಿಯುವದಕ್ಕೆ ಮೊದಲೇ ಎರಡು ಆಂಟಿಬಯೋಟಿಕ್ ಔಷಧಗಳನ್ನು ಕೂಡಿಸಿ ಕೊಟ್ಟರೆ ಪ್ರಾಣಗಳು ಉಳಿಯುವವೆಂದು ತೋರಿಸಿದರು. ಅಂದಿನಿಂದ ಲೋಕದ ಎಲ್ಲಾ ಕಡೆಯಲ್ಲಿ ಇದೇ ನಿಯಮವಾಯಿತು. ಬಾಯಲ್ಲಿಟ್ಟ ಥರ್ಮಾಮೀಟರಿನಲ್ಲಿ ಒಂದು ಸಲ 101 ಡಿಗ್ರಿ ಫಾರನ್‌ಹೀಟ್ ಕಂಡರೆ, ಅಥವಾ 100.4 ಡಿಗ್ರಿ ಒಂದು ತಾಸು ನಿಂತರೆ, ಅದನ್ನು ಜ್ವರವೆಂದು ಎಣಿಸುವರು. ಮಗುವು ಆಸ್ಪತ್ರೆಯ ಬಾಗಿಲಿಗೆ ಬಂದ ಒಂದು ತಾಸಿನೊಳಗೆ ಮೊದಲನೆಯ ಔಷಧವು ರಕ್ತನಾಳದಲ್ಲಿ ಹೋಗಬೇಕು. ಹಾಗಾದರೆ ಕಾರಣವನ್ನು ಹುಡುಕುವದು ವ್ಯರ್ಥವೇ? ಅಲ್ಲ. ಮೊದಲನೆಯ ಔಷಧವು ಎಲ್ಲಾ ಶತ್ರುಗಳ ಮೇಲೂ ಎಸೆದ ಬಲೆಯು. ಯಾವ ಶತ್ರುವು ಅದರೊಳಗೆ ಬಿದ್ದಿಲ್ಲವೆಂದು ಕಂಡುಹಿಡಿಯುವದಕ್ಕೆ ಹುಡುಕುವಿಕೆಯು ಬೇಕು.

ಈ ಹುಡುಕುವಿಕೆಯು ದೊಡ್ಡ ಯಂತ್ರಗಳಿಂದ ಆರಂಭವಾಗುವದಿಲ್ಲ. ಕಣ್ಣು, ಕೈ ಮತ್ತು ಕೇಳುವ ಕಿವಿಗಳಿಂದ ಆರಂಭವಾಗುವದು. ಮಗುವಿನ ಬಟ್ಟೆಯನ್ನು ತೆಗೆದು ನೆತ್ತಿಯಿಂದ ಅಂಗಾಲಿನವರೆಗೆ ನೋಡಬೇಕು. ಬಾಯಲ್ಲಿ ಹುಣ್ಣುಂಟೋ, ನಾಲಗೆಯ ಮೇಲೆ ಮೊಸರಿನಂತೆ ಬಿಳಿಯ ಪೊರೆಯುಂಟೋ, ಉಗುರಿನ ಸಂದು ನೋಯುತ್ತದೋ, ಸೂಜಿ ಚುಚ್ಚಿದ ಸ್ಥಳವು ಕೆಂಪಾಗಿದೆಯೋ, ಔಷಧಕ್ಕಾಗಿ ಎದೆಯಲ್ಲಿ ಇಟ್ಟ ನಳಿಗೆಯ ಸುತ್ತಲೂ ಮುಟ್ಟಿದರೆ ಮಗುವು ಮುಖ ಕಿವುಚುತ್ತದೋ ಎಂದು ವಿಚಾರಿಸಬೇಕು. ಹೊಟ್ಟೆಯ ಬಲಭಾಗದಲ್ಲಿ ಕೆಳಗೆ ನೋವಿದ್ದರೆ ಕರುಳಿನ ಗೋಡೆಯೇ ಬಾತಿರಬಹುದು. ಅದಕ್ಕೆ ಅಲ್ಟ್ರಾಸೌಂಡ್ ಪರೀಕ್ಷೆಯು ಬೇಕು. ಮಲವಿಸರ್ಜನೆಯ ಸ್ಥಳವನ್ನು ನಾಚಿಕೆಯಿಂದ ಬಿಡದೆ ಕಣ್ಣಿನಿಂದ ನೋಡಬೇಕು. ಅಲ್ಲಿ ಬೆರಳನ್ನಾಗಲಿ ಥರ್ಮಾಮೀಟರನ್ನಾಗಲಿ ಎಂದಿಗೂ ಇಡಕೂಡದು, ಯಾಕಂದರೆ ಸಣ್ಣದೊಂದು ಗೀರು ಸಹ ಸೂಕ್ಷ್ಮಜೀವಿಗಳಿಗೆ ಬಾಗಿಲಾಗುವದು. ಐದು ವರ್ಷದ ಹುಡುಗಿಯೊಬ್ಬಳು ಕುಳಿತುಕೊಳ್ಳಲಾರೆನೆಂದು ಅಳುತ್ತಿದ್ದುದನ್ನು ಹಟವೆಂದು ಎಣಿಸದೆ ಹೀಗೆ ನೋಡಿದ್ದರಿಂದಲೇ ಅವಳ ಜ್ವರದ ಮೂಲವು ನಮಗೆ ಸಿಕ್ಕಿತು. ಮಕ್ಕಳು ಕಾರಣವಿಲ್ಲದೆ ಹಟ ಮಾಡುವದು ಬಹಳ ಅಪರೂಪವೆಂದು ನಾವು ಕಲಿತೆವು.

ಆಮೇಲೆ ಪರೀಕ್ಷೆಗಳು. ಔಷಧವನ್ನು ಕೊಡುವ ಮುಂಚೆ ರಕ್ತವನ್ನು ತೆಗೆದು, ಜೀವಿಗಳು ಬೆಳೆಯುವ ಆಹಾರವುಳ್ಳ ಬಾಟಲಿಗೆ ಹಾಕಬೇಕು; ಇದಕ್ಕೆ ಕಲ್ಚರ್ ಎಂದು ಹೆಸರು. ನಳಿಗೆಯಿದ್ದರೆ ಅದರ ಪ್ರತಿಯೊಂದು ಬಾಯಿಂದಲೂ ರಕ್ತವನ್ನು ತೆಗೆಯುವರು. ಕೈಯ ನಾಳದಿಂದಲೂ ತೆಗೆಯುವದುಂಟು. ಮಗುವಿನ ತೂಕಕ್ಕೆ ತಕ್ಕಷ್ಟು ರಕ್ತವನ್ನು ತೆಗೆಯದೆ ನಾಲ್ಕು ಹನಿಯಲ್ಲಿ ಮುಗಿಸಿದರೆ, ಇದ್ದ ಜೀವಿಯೂ ತಪ್ಪಿಸಿಕೊಳ್ಳುವದು. ಮೂತ್ರವನ್ನು ಶುದ್ಧವಾಗಿ ಹಿಡಿಯಲು ಸಾಧ್ಯವಾದರೆ ಅದನ್ನೂ ಪರೀಕ್ಷಿಸುವರು. ಆದರೆ ಅದಕ್ಕಾಗಿ ಔಷಧವನ್ನು ತಡಮಾಡರು. ಎದೆಯ ಕ್ಷಕಿರಣದ ಚಿತ್ರವನ್ನು ಎಲ್ಲರಿಗೂ ತೆಗೆಯುವ ಪದ್ಧತಿಯು ಮೊದಲು ಇತ್ತು. ಈಗ ಉಸಿರಾಟದ ತೊಂದರೆಯಾಗಲಿ ಕೆಮ್ಮಾಗಲಿ ಇದ್ದವರಿಗೆ ಮಾತ್ರ ಸಾಕೆಂದು ತಿಳಿದುಬಂದಿದೆ. ನಮ್ಮ ದೇಶದಲ್ಲಿ ಇನ್ನೂ ಕೆಲವು ಹೆಸರುಗಳನ್ನು ಮರೆಯಕೂಡದು: ಮಲೇರಿಯ, ಡೆಂಗಿ, ಟೈಫಾಯ್ಡ್, ಕ್ಷಯ. ಅರ್ಬುದವುಳ್ಳ ಮಗುವು ನಮ್ಮ ಊರುಗಳಲ್ಲಿಯೇ, ನಮ್ಮ ಸೊಳ್ಳೆಗಳ ನಡುವೆಯೇ, ನಮ್ಮ ಬಾವಿಯ ನೀರನ್ನೇ ಕುಡಿದು ಇರುತ್ತದಷ್ಟೆ.

ಎಲ್ಲಾ ಜ್ವರವೂ ಸೂಕ್ಷ್ಮಜೀವಿಯಿಂದ ಬಂದದ್ದಲ್ಲ. ರಕ್ತವನ್ನು ಕೊಡುವಾಗಲೋ ಕೊಟ್ಟ ಕೆಲವು ತಾಸುಗಳೊಳಗೋ ಜ್ವರ ಬಂದರೆ ಆ ರಕ್ತವು ಮೈಗೆ ಒಗ್ಗದಿರಬಹುದು. ಸೈಟರಾಬಿನ್ ಎಂಬ ಔಷಧವು ತಾನೇ ಜ್ವರವನ್ನು ತರುವದುಂಟು. ಕೆಲವು ಸಲ ಅರ್ಬುದವೇ ಜ್ವರಕ್ಕೆ ಕಾರಣ. ಸಾಮಾನ್ಯ ನೆಗಡಿಯ ವೈರಸ್ ಸಹ ಇರಬಹುದು. ಇವುಗಳನ್ನು ಬೇರ್ಪಡಿಸುವದಕ್ಕೆ ಅತಿ ಮುಖ್ಯವಾದ ಸಾಧನವು ಕಾಲದ ಲೆಕ್ಕ. ಯೋಹಾನನ ಸುವಾರ್ತೆಯಲ್ಲಿ ಕಪೆರ್ನೌಮಿನ ಅಧಿಕಾರಿಯ ಮಗನಿಗೆ ಜ್ವರ ಬಿಟ್ಟ ಸಂಗತಿಯನ್ನು ನಾವೆಲ್ಲರೂ ಬೈಬಲ್ ತರಗತಿಯಲ್ಲಿ ಓದಿದ್ದೇವೆ. ಮಗನು ಬದುಕಿದನೆಂದು ಕೇಳಿದ ಕೂಡಲೇ ಆ ತಂದೆಯು ಸುಮ್ಮನಾಗಲಿಲ್ಲ. ಯಾವ ಗಳಿಗೆಯಲ್ಲಿ ಜ್ವರವು ಬಿಟ್ಟಿತೆಂದು ವಿಚಾರಿಸಿದನು, ಮತ್ತು ಆ ಗಳಿಗೆಯಿಂದಲೇ ಅದರ ಕಾರಣವನ್ನು ತಿಳಿದುಕೊಂಡನು. ಜ್ವರದ ವೇಳೆಯನ್ನು ಬರೆದಿಡುವಾಗಲೆಲ್ಲ ನಮಗೆ ಆ ತಂದೆಯು ನೆನಪಾಗುತ್ತಿದ್ದನು.

ಗದುಗಿನ ಕಡೆಯಿಂದ ಬಂದ ಒಬ್ಬ ತಾಯಿಯು ಇದಕ್ಕೆ ಸಾಕ್ಷಿ. ಆಕೆಯ ಆರು ವರ್ಷದ ಮಗಳಿಗೆ ನಾಲ್ಕು ದಿವಸಗಳಿಂದ ಚಳಿ ನಡುಕದ ಜ್ವರವು ಬಂದು ಹೋಗುತ್ತಿತ್ತು. ಔಷಧಗಳು ನಡೆದಿದ್ದವು, ಮೊದಲನೆಯ ಕಲ್ಚರಿನಲ್ಲಿ ಏನೂ ಬೆಳೆದಿರಲಿಲ್ಲ. ಆ ತಾಯಿಯು ಓದಿದವಳಲ್ಲ. ಗಡಿಯಾರವನ್ನು ಮಾತ್ರ ಬಲ್ಲಳು. ಒಂದು ಮಧ್ಯಾಹ್ನ ಆಕೆಯು ನಮ್ಮ ಬಳಿಗೆ ಬಂದು, "ಅಕ್ಕಾರ, ಆ ಎದೀಮ್ಯಾಗಿನ ನಳಿಗ್ಯಾಗ ಔಷಧ ಹಾಕಿ ಅರ್ಧಾ ತಾಸಿಗೆ ನಡುಗತಾಳ ನೋಡ್ರಿ. ಬ್ಯಾರೆ ಹೊತ್ತಿನ್ಯಾಗ ಇಲ್ರಿ" ಎಂದಳು. ನಾವು ಚಾರ್ಟನ್ನು ತೆಗೆದು ನೋಡಿದರೆ ಆಕೆಯ ಮಾತು ಅಕ್ಷರಶಃ ನಿಜವಾಗಿತ್ತು. ವೈದ್ಯರಿಗೆ ತಿಳಿಸಿದೆವು. ನಳಿಗೆಯಿಂದಲೂ ಕೈಯ ನಾಳದಿಂದಲೂ ಒಂದೇ ವೇಳೆಯಲ್ಲಿ ರಕ್ತವನ್ನು ತೆಗೆದು ಕಳುಹಿಸಿದರು. ಎರಡರಲ್ಲಿಯೂ ಜೀವಿಯು ಬೆಳೆಯಿತು. ಆದರೆ ನಳಿಗೆಯ ರಕ್ತದಲ್ಲಿ ಎರಡು ತಾಸಿಗಿಂತ ಹೆಚ್ಚು ಮೊದಲಾಗಿ ಬೆಳೆಯಿತು. ಈ ಎರಡು ತಾಸಿನ ಅಂತರವು ನಳಿಗೆಯಲ್ಲಿಯೇ ರೋಗದ ಗೂಡು ಇದೆಯೆಂಬದಕ್ಕೆ ವೈದ್ಯರು ಒಪ್ಪಿದ ಗುರುತು. ನಳಿಗೆಯನ್ನು ತೆಗೆದರು, ಮೂರನೆಯ ದಿವಸ ಹುಡುಗಿಯು ಮೊಸರನ್ನ ಬೇಕೆಂದು ಕೇಳಿದಳು. ವೈದ್ಯರು ಆ ತಾಯಿಗೆ ಎಲ್ಲರ ಮುಂದೆ ಕೈಮುಗಿದದ್ದನ್ನು ನಾವು ಕಂಡೆವು.

ಔಷಧ ಕೊಟ್ಟು 96 ತಾಸು ಕಳೆದರೂ ಜ್ವರವು ಬಿಡದೆ, ಬಿಳಿಯ ಕಣಗಳೂ ಮೇಲಕ್ಕೆ ಏಳದಿದ್ದರೆ, ಬೇರೊಂದು ಶತ್ರುವಿನ ಸಂಶಯವು ಬರಬೇಕು. ಅದು ಬೂಷ್ಟಿನ ಜಾತಿಯದು. ಹಳೆಯ ರೊಟ್ಟಿಯ ಮೇಲೂ ಒದ್ದೆಯ ಗೋಡೆಯ ಮೇಲೂ ಬೆಳೆಯುವ ಈ ಕುಲವು ಇಂಥ ಮಕ್ಕಳ ಶ್ವಾಸಕೋಶದಲ್ಲಿ ಬೇರೂರಬಲ್ಲದು. ಸಾಮಾನ್ಯ ಕ್ಷಕಿರಣಕ್ಕೆ ಅದು ಮೊದಲಿಗೆ ಕಾಣದ್ದರಿಂದ ಸಿ. ಟಿ. ಯಂತ್ರದಿಂದ ಎದೆಯನ್ನು ನೋಡುವರು. ಅಪಾಯವು ಹೆಚ್ಚಾಗಿದ್ದ ಮಕ್ಕಳಿಗೆ ಬೂಷ್ಟಿನ ಔಷಧವನ್ನು ಕಾರಣವು ಖಂಡಿತವಾಗುವ ಮೊದಲೇ ಆರಂಭಿಸುವರು. ಈ ಔಷಧಗಳ ಕಥೆಯಲ್ಲಿಯೂ ಇಬ್ಬರು ಸ್ತ್ರೀಯರಿದ್ದಾರೆ. ಎಲಿಜಬೆತ್ ಹೇಜನ್ ಎಂಬಾಕೆಯು ನ್ಯೂಯಾರ್ಕ್ ನಗರದಲ್ಲಿಯೂ, ರೇಚಲ್ ಬ್ರೌನ್ ಎಂಬಾಕೆಯು ಆಲ್ಬನಿಯಲ್ಲಿಯೂ ಇದ್ದು, ಮಣ್ಣಿನಿಂದ ತೆಗೆದ ಸತ್ವಗಳನ್ನು ಒಬ್ಬರಿಗೊಬ್ಬರು ಅಂಚೆಯ ಮೂಲಕ ಕಳುಹಿಸುತ್ತಾ, ವರ್ಜಿನಿಯದ ಒಂದು ಹೊಲದ ಮಣ್ಣಿನಲ್ಲಿ ನಿಸ್ಟಾಟಿನ್ ಎಂಬ ಔಷಧವನ್ನು ಕಂಡುಹಿಡಿದು 1950ರಲ್ಲಿ ಪ್ರಕಟಿಸಿದರು. ನಾಲಗೆಯ ಬಿಳಿಯ ಪೊರೆಗೆ ಅದನ್ನು ಇಂದಿಗೂ ಕೊಡುತ್ತಾರೆ. ಅದರಿಂದ ಬಂದ 130 ಲಕ್ಷ ಡಾಲರಿಗೂ ಮಿಕ್ಕಿದ ಹಣವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ಶಾಸ್ತ್ರೀಯ ಸಂಶೋಧನೆಗೆ ಬಿಟ್ಟುಕೊಟ್ಟರು.

ಇಷ್ಟೆಲ್ಲಾ ಹುಡುಕಿದ ಮೇಲೂ ಕಾರಣವು ಸಿಕ್ಕುವದೋ? ಬಹಳ ಸಲ ಸಿಕ್ಕುವದಿಲ್ಲ. ಇಂಥ ಜ್ವರಗಳಲ್ಲಿ ರಕ್ತದಲ್ಲಿ ಜೀವಿಯು ಕಾಣುವದು ನೂರಕ್ಕೆ 10ರಿಂದ 25ರಷ್ಟು ಮಾತ್ರ. ಅರ್ಧಕ್ಕಿಂತ ಹೆಚ್ಚಿನ ಜ್ವರಗಳು ತಮ್ಮ ಹೆಸರನ್ನು ಹೇಳದೆಯೇ ಹೊರಟುಹೋಗುತ್ತವೆ. ತಾಯಂದಿರಿಗೆ ಇದನ್ನು ಹೇಳುವದು ಕಷ್ಟವು. "ಏನಾಗಿತ್ತು?" ಎಂದು ಅವರು ಕೇಳುವರು, ಏನಾದರೊಂದು ಹೆಸರನ್ನು ಹೇಳಿ ಸಮಾಧಾನಪಡಿಸುವದು ಸುಲಭ. ಆದರೆ ಸುಳ್ಳು ಹೆಸರನ್ನು ಕೇಳಿದ ತಾಯಿಯು ಅದನ್ನು ನಂಬಿ, ಅಂದು ನೀರಿನಲ್ಲಿ ಆಡಿದ್ದರಿಂದ ಬಂದಿತೆಂದೋ, ಅತ್ತೆಯ ಮನೆಯ ಊಟದಿಂದ ಬಂದಿತೆಂದೋ, ಯಾರದೋ ದೃಷ್ಟಿ ತಾಕಿತೆಂದೋ ಎಣಿಸಿ, ತನ್ನನ್ನೋ ಇನ್ನೊಬ್ಬರನ್ನೋ ವರ್ಷಗಟ್ಟಲೆ ದೂರುವಳು. ಈ ಸೂಕ್ಷ್ಮಜೀವಿಗಳಲ್ಲಿ ಬಹಳವು ಮಗುವಿನ ಸ್ವಂತ ಬಾಯಿ, ಕರುಳು ಮತ್ತು ಚರ್ಮಗಳಲ್ಲಿ ಮೊದಲಿನಿಂದಲೂ ವಾಸವಾಗಿದ್ದವೇ. ಆದದರಿಂದ ನಾವು, "ಹುಡುಕಿದೆವು, ಸಿಕ್ಕಲಿಲ್ಲ, ಆದರೆ ಔಷಧವು ಸಮಯಕ್ಕೆ ಹೋಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ತಾಯೀ" ಎಂದು ಹೇಳುವದನ್ನು ರೂಢಿ ಮಾಡಿಕೊಂಡೆವು. ಕಾರಣವನ್ನು ಕೇಳಿದಾಗ ಅಳದಿದ್ದ ಎಷ್ಟೋ ತಾಯಂದಿರು ಈ ಕಡೆಯ ಮಾತನ್ನು ಕೇಳಿ ಅತ್ತರು. ಅವರ ಎದೆಯ ಮೇಲಿದ್ದ ಭಾರವು ಯಾವದೆಂದು ನಮಗೆ ಆಗ ತಿಳಿಯಿತು.

ಪ್ರಿಯ ತಂಗಿಯರೇ, ನಿಮ್ಮಲ್ಲಿ ಎಲ್ಲರೂ ದಾದಿಯರಾಗಲಿಕ್ಕಿಲ್ಲ. ಆದರೆ ನಿಮ್ಮ ಬೀದಿಯಲ್ಲಿ, ನಿಮ್ಮ ಸಭೆಯಲ್ಲಿ, ನಿಮ್ಮ ಬಂಧುಗಳಲ್ಲಿ ಇಂಥ ಮಗುವು ಒಂದಾದರೂ ಇದ್ದೀತು. ಅದರ ಮನೆಯಲ್ಲಿ ಒಳ್ಳೆಯ ಥರ್ಮಾಮೀಟರು ಉಂಟೋ ಎಂದು ಕೇಳಿರಿ. ಇಲ್ಲದಿದ್ದರೆ ಒಂದನ್ನು ಕೊಟ್ಟು, ನೋಡುವದನ್ನು ಕಲಿಸಿರಿ. ಜ್ವರವನ್ನು ಅಳೆಯದೆ, ವೈದ್ಯರನ್ನು ಕೇಳದೆ ಪ್ಯಾರಸಿಟಮಾಲ್ ಕೊಡಕೂಡದೆಂದೂ, ಆಸ್ಪಿರಿನ್ ಸರ್ವಥಾ ಬೇಡವೆಂದೂ ತಿಳಿಸಿರಿ. ಕಡೆಯ ಔಷಧ ಕೊಟ್ಟ ತಾರೀಖು, ಬಿಳಿಯ ಕಣಗಳ ಕಡೆಯ ಲೆಕ್ಕ, ಜ್ವರ ಬಂದ ಗಳಿಗೆ, ಆಸ್ಪತ್ರೆಯ ದೂರವಾಣಿಯ ಸಂಖ್ಯೆ, ಇವಿಷ್ಟನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದು ಬಾಗಿಲಿನ ಮೊಳೆಗೆ ತೂಗಹಾಕಲು ಹೇಳಿರಿ. ಮಗುವನ್ನು ಮುಟ್ಟುವ ಮುಂಚೆ ಸಾಬೂನಿನಿಂದ ಕೈತೊಳೆಯಿರಿ. ನೆಗಡಿಯಿದ್ದರೆ ಭೇಟಿಯನ್ನು ಮುಂದಕ್ಕೆ ಹಾಕಿರಿ. ಎಲ್ಲಕ್ಕೂ ಮಿಗಿಲಾಗಿ, ಮಧ್ಯರಾತ್ರಿಯಲ್ಲಿ ಜ್ವರ ಬಂದು, ತಾಯಿಯು ಕೈಯಲ್ಲಿ ಕಾಸಿಲ್ಲದೆ, ಜತೆಗೆ ಗಂಡಸರಿಲ್ಲದೆ, ಬೆಳಗಾಗಲೆಂದು ಅಂಜಿ ಕುಳಿತಿದ್ದರೆ, ಅವಳನ್ನು ಬೆಳಗಿನವರೆಗೆ ಕುಳಿತುಕೊಳ್ಳಗೊಡಬೇಡಿರಿ. ಒಂದು ಬಂಡಿಯನ್ನು ಗೊತ್ತುಮಾಡಿ ಜತೆಯಲ್ಲಿ ಹೋಗಿರಿ. ಕಾರಣವನ್ನು ಹುಡುಕುವ ಕೆಲಸವನ್ನು ವೈದ್ಯರು ಮಾಡುವರು. ಮಗುವನ್ನು ವೇಳೆಗೆ ಸರಿಯಾಗಿ ಅವರ ಕೈಗೆ ಮುಟ್ಟಿಸುವ ಕೆಲಸವು ನಿಮ್ಮದು.